ಮೂರನೆಯ ಹೆಜ್ಜೆ

ಗುಂಡ್ಲುಪೇಟೆ
9 ಜೂನ್ 2024, ಭಾನುವಾರ

ಮಗಳು ಸ್ವರ್ಣಲತಾಳಿಗೆ ನಿನ್ನ ಅವ್ವನ ಆಶೀರ್ವಾದ.

ನೀನು ಮೈಸೂರಿಗೆ ಹೋಗಿ ಹನ್ನೆರಡು ದಿನವಾಯಿತು. ತಲುಪಿದೆಯಾ, ಉಂಡೆಯಾ ಎಂದು ಒಂದು ಮಾತೂ ಕೇಳಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಫೋನ್ ಕೈಗೆ ತೆಗೆದುಕೊಳ್ಳುತ್ತೇನೆ, ಮತ್ತೆ ಇಟ್ಟುಬಿಡುತ್ತೇನೆ. ಮೂವತ್ತು ವರ್ಷ ಅಂಗನವಾಡಿ ರಿಜಿಸ್ಟರ್ ಬರೆದ ಕೈ, ಬರೆಯುವುದೇ ವಾಸಿ ಎನಿಸಿತು. ಇದು ನಾಲ್ಕನೇ ಹಾಳೆ. ಮೂರನ್ನು ಹರಿದು ಒಲೆಗೆ ಹಾಕಿದೆ. ಬೆಳಗ್ಗೆ ಇದರ ಧ್ಯಾನದಲ್ಲೇ ಹಾಲು ಉಕ್ಕಿಸಿ ನಿನ್ನ ಅತ್ತಿಗೆಯ ಕೈಲಿ ಅನ್ನಿಸಿಕೊಂಡೆ.

ಹೊರಡುವಾಗ ನೀನು ಚಪ್ಪಲಿ ಮೆಟ್ಟುತ್ತಾ ಒಂದೇ ಮಾತು ಹೇಳಿದೆ. "ಸ್ಪಂದನಾನ ಆ ಮನೆಗೆ ಕಳಿಸ್ಬೇಡ ಕಣವ್ವ." ತನ್ನ ಮಗಳಿಗೆ ಚಾಮರಾಜನಗರದ ಪಿಯು ಕಾಲೇಜಿನಲ್ಲಿ ಸೀಟು ಸಿಕ್ಕ ದಿನವೇ ನಿನ್ನ ಅಣ್ಣ ಸುನೀಲ ತೀರ್ಮಾನ ಮಾಡಿಬಿಟ್ಟಿದ್ದ. ನನ್ನ ಅಣ್ಣ ದೊಡ್ಡಯ್ಯನ ಮನೆ ಕಾಲೇಜಿಗೆ ಹತ್ತಿರ, ಮಗು ಅಲ್ಲೇ ಇದ್ದು ಓದಲಿ ಎಂದು. ನೀನು ಹೈಸ್ಕೂಲು ಓದುವಾಗ ಇದ್ದ ಮನೆಯೂ ಅದೇ. ನಿನ್ನ ಮಾತು ಕೇಳಿದಂದಿನಿಂದ ನನಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು.

ನೀನು ನಡೆಸಿದ ಹಾಪ್ಕಿಡೋ ಆತ್ಮರಕ್ಷಣೆ ಶಿಬಿರ ಶಾಲೆಯಲ್ಲಿ ಮುಗಿದರೂ ನಮ್ಮ ಬೀದಿಯಲ್ಲಿ ಮುಗಿದಿಲ್ಲ. ಮಂಡಿಯಲ್ಲಿ ಈರುಳ್ಳಿ ಆಯುವ ಪಕ್ಕದ ಮನೆ ಮೂಗಮ್ಮ ಗಂಡನ ಮೇಲೇ ಪ್ರಯೋಗ ಮಾಡಿದ್ದಾಳೆ. "ಸಿದ್ದಕ್ಕ, ನಿನ್ ಮಗಳು ಹೇಳ್ಕೊಟ್ಟಂಗೇ ಕೈ ತಿರುವ್ದೆ ಕಣಕ್ಕ. ಉಣ್ಣೋ ತಟ್ಟೆ ಸಮೇತ ಬಿದ್ಬುಟ್ಟ. ಇನ್ಮ್ಯಾಕೆ ಕೇಳ್ಕಂಡೇ ಕೈ ಹಿಡೀತೀನಿ ಅಂದವ್ನೆ" ಎಂದು ಹೇಳಿ ನಕ್ಕಳು. ನಾನೂ ನಕ್ಕೆ.

ಕೊರಿಯಾದವರ ವಿದ್ಯೆ ಎಂದರೆ ಒದೆಯುವುದು, ಗುದ್ದುವುದು ಎಂದುಕೊಂಡು ಶಿಬಿರಕ್ಕೆ ಬಂದವಳು ನಾನು. ನೀನು ಮೊದಲ ದಿನ ಹುಡುಗಿಯರಿಗೆ ಆ ಹೆಸರನ್ನೇ ಬಿಡಿಸಿ ಹೇಳಿದೆ. ಹಾಪ್ ಎಂದರೆ ಕೂಡಿಸುವುದು, ಕಿ ಎಂದರೆ ಒಳಗಿನ ಉಸಿರು, ಬಲ, ಡೋ ಎಂದರೆ ದಾರಿ. ಬಂದ ಬಲಕ್ಕೆ ಎದೆಯೊಡ್ಡಿ ನಿಲ್ಲಬೇಡಿ, ತಳ್ಳಿದರೆ ಎಳೆಯಿರಿ, ಎಳೆದರೆ ಜೊತೆಗೆ ಹೋಗಿ, ನೀರಿನ ಹಾಗೆ ಎಂದೆ. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಇದನ್ನ ಹೇಳಕ್ಕೆ ಕೊರಿಯಾದವ್ರು ಬರ್ಬೇಕಾಗಿತ್ತಾ? ಮದ್ವೆಯಾದ ವಾರಕ್ಕೇ ನಮ್ಮತ್ತೆ ಹೇಳಿದ್ರು, ಬಗ್ಗಿ ನಡಿ, ಅನುಸರಿಸ್ಕಂಡು ಹೋಗು ಅಂತ" ಎಂದೆ. ಹುಡುಗಿಯರೆಲ್ಲ ನಕ್ಕರು. ನೀನು ನಗಲಿಲ್ಲ.

"ಅದಲ್ಲ ಇದು. ಬಗ್ಗಿ ಅಲ್ಲೇ ಇದ್ಬುಡೋದಲ್ಲ. ಎಳೆದೋನ ಜೊತೆ ಎರಡು ಹೆಜ್ಜೆ ಹೋಗ್ತೀವಿ, ಅವನ ತೂಕ ಅವನ ಕೈ ತಪ್ಪಲಿ ಅಂತ. ಮೂರನೇ ಹೆಜ್ಜೆ ನಮ್ದು. ಅಲ್ಲಿ ತಿರುಗ್ಬೇಕು. ತಿರುಗ್ದೇ ಇದ್ರೆ ಅದು ಹಾಪ್ಕಿಡೋ ಅಲ್ಲ, ಬರೀ ಸೋಲು." ಹಾಗೆಂದು ಒಬ್ಬೊಬ್ಬರಿಂದಲೂ ನಿನ್ನ ಮಣಿಕಟ್ಟು ಹಿಡಿಸಿಕೊಂಡೆ. ಹಿಡಿದವರ ಹೆಬ್ಬೆರಳು ಇರುವ ಕಡೆಯೇ ಹಿಡಿತದಿಂದ ಹೊರಬರುವ ಬಾಗಿಲು ಎಂದು ತೋರಿಸಿದೆ. ನಾನೂ ಕೈ ಚಾಚಿದೆ. "ನೀನು ಬೇಡ ಕಣವ್ವ, ಮೂಗಮ್ಮತ್ತೆ ಹಿಡೀಲಿ" ಎಂದುಬಿಟ್ಟೆ.

ಇನ್ನು ನಡೆದದ್ದು ಕೇಳು. ಶುಕ್ರವಾರ ನನ್ನ ಅಣ್ಣ ಹಲಸಿನ ಹಣ್ಣು ಹೊತ್ತುಕೊಂಡು ಬಂದ. ಕೂತವನೇ ಕಾಫಿ ತಂದ ಸ್ಪಂದನಾಳ ಮಣಿಕಟ್ಟು ಹಿಡಿದು ಪಕ್ಕಕ್ಕೆ ಎಳೆದುಕೊಂಡ. "ಬಟ್ಟೆ ಕಟ್ಕೊ ಕಣಮ್ಮಿ, ನಾಳೀಕೆ ಹೋಗನ. ನಮ್ಮನೇಲಿ ನಿಂಗೇನ್ ಕಮ್ಮಿ?" ಶಿಬಿರದಲ್ಲಿ ಹತ್ತು ದಿನ ಕಲಿತ ಹುಡುಗಿ ಅವಳು. ಬಿಡಿಸಿಕೊಳ್ಳಲಿಲ್ಲ. ಹಿರಿಯರ ಕೈ ತಿರುಗಿಸಬಾರದು ಎಂದು ನಾವು ಕಲಿಸಿದ್ದು ಅದಕ್ಕೂ ಮುಂಚಿನ ಪಾಠ. ನನ್ನ ಮುಖ ನೋಡಿದಳು, ಅಷ್ಟೇ.

ನನ್ನ ಸಿಟ್ಟು ನಿನಗೆ ಗೊತ್ತು. ಹಳೆಯ ಪುಟ್ಟಸಿದ್ದಮ್ಮ ಆಗಿದ್ದರೆ ಒಂದೋ ಕೂಗಾಡುತ್ತಿದ್ದೆ, ಇಲ್ಲವೇ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಅವತ್ತು ಅವನು ಎಳೆದ ಕಡೆಗೇ ಹೋದೆ.

"ಆಗ್ಲಿ ಕಣಣ್ಣ. ನಿನ್ ಮನೆ ಬುಟ್ಟು ಇನ್ನೆಲ್ಲಿರ್ತಳೆ" ಎಂದೆ. ಸುನೀಲ ಸಮಾಧಾನದ ಉಸಿರು ಬಿಟ್ಟ.

"ನಾನೂ ಬತ್ತೀನಿ. ಎರಡು ವರ್ಷವೂ ಅವಳ ಪಕ್ಕದಲ್ಲೇ ಮಲಗ್ತೀನಿ."

"ನೀನ್ಯಾಕ್ ಪುಟ್ಟಿ ಬರೋದು? ಮನೇಲಿ ನಾನಿಲ್ವಾ?"

"ನೀನಿದ್ದೀಯ ಅಂತಾನೇ ಬತ್ತೀನಿ. ಸ್ವರ್ಣನ ಒಬ್ಳನ್ನೇ ಕಳಿಸ್ಬುಟ್ಟಿದ್ದೆ."

ಅಣ್ಣನ ಕೈ ತಾನಾಗಿ ಸಡಿಲವಾಯಿತು. ಲೋಟದಲ್ಲಿ ಅರ್ಧ ಕಾಫಿ ಹಾಗೇ ಇತ್ತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದ. ಬಾಗಿಲವರೆಗೂ ಯಾರೂ ಹೋಗಲಿಲ್ಲ. "ಏನವ್ವ ಇದು" ಎಂದು ಸುನೀಲ ಕೇಳಿದ. ಒಳಗೆ ಕರೆದು ಹೇಳಿದೆ. ಆ ಹಲಸಿನ ಹಣ್ಣನ್ನು ಎತ್ತಿಕೊಂಡು ಹೋಗಿ ತಿಪ್ಪೆಗೆ ಹಾಕಿ ಬಂದ. ನಿನ್ನ ಜೊತೆ ಮಾತಾಡಲು ಅವನಿಗೆ ಇನ್ನೂ ಧೈರ್ಯ ಬಂದಿಲ್ಲ, ನೀನಾಗಿ ಒತ್ತಾಯ ಮಾಡಬೇಡ. ಸ್ಪಂದನಾ ಬಸ್ ಪಾಸ್ ಮಾಡಿಸಿಕೊಂಡು ಇಲ್ಲಿಂದಲೇ ಹೋಗಿ ಬರುತ್ತಾಳೆ.

ನನಗೆ ತವರು ಎಂದು ಉಳಿದಿದ್ದವನು ಅವನೊಬ್ಬನೇ. ಅದೂ ಮುಗಿಯಿತು. ದುಃಖವಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ದುಃಖಕ್ಕಿಂತ ಸಿಟ್ಟು ಹೆಚ್ಚಾಗಿದೆ, ಅದೂ ಅವನೊಬ್ಬನ ಮೇಲಲ್ಲ. ಹಗಲೆಲ್ಲ ಪಡಸಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಪಡಸಾಲೆಗೆ ಓಡಾಡುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ನಿನ್ನ ಕೈಯಲ್ಲಿ ಕಲಿಯುವ ಮಕ್ಕಳೆಲ್ಲ ಗಟ್ಟಿಯಾಗಲಿ, ಮಾದಪ್ಪ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅವ್ವ,
ಪುಟ್ಟಸಿದ್ದಮ್ಮ

ವಿ.ಸೂ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಕೈ ಬಾರದೆ ಇಲ್ಲಿಗೆ ಬಂದಿದೆ. ಒಂಬತ್ತನೇ ತರಗತಿಯ ದಸರಾ ರಜೆಯಲ್ಲಿ ನೀನು "ಮಾವ ಕೈ ಹಿಡ್ಕಂಡ್ರೆ ಬುಡಲ್ಲ, ನಾನಲ್ಲಿಗೆ ಹೋಗಲ್ಲ ಕಣವ್ವ" ಎಂದೆ. ನಾನು ಸೊಪ್ಪು ಸೋಸುತ್ತಾ ತಲೆಯೆತ್ತದೆ, "ಸೋದರಮಾವ ತಾನೇ, ಸಲಿಗೆಗೆ ಹಿಡ್ದಿರ್ತನೆ ಬುಡು" ಎಂದೆ. ರಜೆ ಮುಗಿದ ಸೋಮವಾರ ನಿನ್ನ ಮಣಿಕಟ್ಟು ಹಿಡಿದು ಬಸ್ ಸ್ಟ್ಯಾಂಡಿನವರೆಗೂ ಎಳೆದುಕೊಂಡು ಹೋದೆ. ನೀನು ಕೊಸರಿದಷ್ಟೂ ಬಿಗಿಯಾಗಿ ಹಿಡಿದೆ, ಬಸ್ಸು ಹತ್ತಿಸುವವರೆಗೂ ಬಿಡಲಿಲ್ಲ. ಶಿಬಿರದಲ್ಲಿ ನೀನು ಎಲ್ಲರ ಕೈಗೂ ಮಣಿಕಟ್ಟು ಕೊಟ್ಟು ನನಗೆ ಮಾತ್ರ ಬೇಡ ಎಂದದ್ದು ಯಾಕೆಂದು ಆಗಲೇ ಗೊತ್ತಾಗಿತ್ತು, ಗೊತ್ತಾಗದವಳ ಹಾಗೆ ನಕ್ಕೆ. ಮುಂದಿನ ಸಲ ಬಂದಾಗ ನನ್ನ ಕೈಗೇ ನಿನ್ನ ಮಣಿಕಟ್ಟು ಕೊಡು. ನಾನಾಗಿ ಸಡಿಲ ಬಿಡುವುದಿಲ್ಲ. ನೀನೇ ತಿರುಗಿ ಬಿಡಿಸಿಕೋ, ನನ್ನ ಬೆರಳು ಮುರಿದರೂ ಸರಿ.