ತಾರು ಕಳಿಸುವುದಿಲ್ಲ

ಸಿಂದಗಿ
೧೨-೯-೧೯೭೮, ಮಂಗಳವಾರ

ಪ್ರೀತಿಯ ಧೂಳಪ್ಪಣ್ಣನಿಗೆ ತಮ್ಮ ಚಂದಪ್ಪನ ನಮಸ್ಕಾರ.

ನೀನು, ವೈನಿ, ಮಕ್ಕಳು ಸೊಲ್ಲಾಪುರದಲ್ಲಿ ಆರಾಮ ಇದ್ದೀರೆಂದು ನಂಬಿದ್ದೇನೆ. ಮಿಲ್ಲಿನ ಹತ್ತಿಧೂಳಿಗೆ ಹಿಡಿದ ನಿನ್ನ ಕೆಮ್ಮು ಹೇಗಿದೆ? ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ನಿಲ್ಲು ಎಂದು ಎಷ್ಟು ಸಲ ಹೇಳಿದೆ, ಕೇಳಿದ್ದೀಯೋ ಇಲ್ಲವೋ. ವೈನಿಯ ಮೊಣಕಾಲು ನೋವು ಇಳಿಯಿತೆ? ಕನ್ನೊಳ್ಳಿಯಲ್ಲಿ ಅವ್ವ ಗಟ್ಟಿ ಇದ್ದಾಳೆ. ಅಪ್ಪ ಕುರಿ ಹೊಡೆದುಕೊಂಡು ಮುಳವಾಡದ ಕಡೆ ಹೋದವನು ಇನ್ನೂ ತಿರುಗಿಲ್ಲ. ಕಾಗದ ದಪ್ಪ ಇದೆ ಎಂದು ಹೆದರಬೇಡ, ಯಾರೂ ಸತ್ತಿಲ್ಲ. ಸುದ್ದಿ ಕಾಶಕ್ಕನದು. ಚಾಳಿನವರ ಕೈಯಲ್ಲಿ ಓದಿಸಬೇಡ. ನಿಧಾನವಾದರೂ ನೀನೇ ಓದು.

ಸಂಘಟನೆಯ ಮನವಿ ಬರೆಯುವಾಗ ನಾನು ಸರಕಾರ ಕೊಟ್ಟ ಮಾತು ಮೊದಲು, ತಪ್ಪಿದ ಮಾತು ಆಮೇಲೆ ಬರೆಯುತ್ತೇನೆ. ಹಾಗೆ ತಹಸೀಲ್ದಾರನಿಗೆ ಎಷ್ಟೋ ಬರೆದಿದ್ದೇನೆ. ಇವತ್ತು ನಮ್ಮ ಮನೆಗೇ ಬರೆಯುತ್ತೇನೆ. ಚಂದು ನಾಲ್ಕನೇ ಇಯತ್ತೆ ಮುಗಿಸಲಿ, ಆಮೇಲೆ ನಿನ್ನನ್ನೂ ಸಾಲಿಗೆ ಕಳಿಸುತ್ತೇವೆ ಎಂದು ಕಾಶಕ್ಕನಿಗೆ ಹೇಳಿದ್ದೆವು. ನಾನು ಮ್ಯಾಟ್ರಿಕ್ ಮುಗಿಸಿ ಮಾಸ್ತರನಾದೆ, ಅವಳು ಕುರಿಯ ಹಿಂದೆಯೇ ಉಳಿದಳು. ಅಗರಖೇಡದ ಸಿದ್ರಾಮ ಮಾವನಿಗೆ ಮದುವೆ ಮಾಡಿ ಕೊಡುವಾಗ, ಪ್ರತಿ ನಾಗರಪಂಚಮಿಗೆ ತವರಿಗೆ ಕರೆಯಲು ಬರುತ್ತೇವೆ ಎಂದಿದ್ದೆವು. ಒಂಬತ್ತು ಪಂಚಮಿಯಲ್ಲಿ ಎರಡಕ್ಕೆ ಹೋಗಿದ್ದೇವೆ. ಅವಳ ಕೂಸು ಸತ್ತು ಹುಟ್ಟಿದಾಗ, ಬಾಣಂತನ ಮುಗಿಯುವತನಕ ನಿನ್ನ ಹತ್ತಿರ ಇರುತ್ತೇನೆ ಎಂದು ಅವ್ವ ಮಾತು ಕೊಟ್ಟಿದ್ದಳು. ಕುರಿ ಈಯಲು ಶುರುವಾದವು, ಅವ್ವ ಐದನೇ ದಿನ ಎದ್ದು ಬಂದಳು. ಈ ಮನವಿಯಲ್ಲಿ ಆರೋಪಿಗಳು ನಾವೇ. ಇದಕ್ಕೆ ಉತ್ತರ ಕೊಡಲು ಯಾವ ಸರಕಾರವೂ ಬರುವುದಿಲ್ಲ.

ಈ ಪಂಚಮಿಗೂ ಯಾರೂ ಹೋಗಲಿಲ್ಲ. ನನಗೆ ಸಂಘಟನೆಯ ಬೈಠಕ್ ಇತ್ತು. ಹಬ್ಬವಾದ ಮೂರನೇ ದಿನ ಸಿದ್ರಾಮ ಮಾವ ಕಾಶಕ್ಕನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ಇಂಡಿಯ ಸರಕಾರಿ ದವಾಖಾನೆಗೆ ತಂದ. ಅದೇ ಮೈ ಸುಡುವ ಜ್ವರ, ಅದೇ ಉಚ್ಚೆಯಲ್ಲಿ ರಕ್ತ. ಇದು ನಾಲ್ಕನೇ ಸಲ. ಡಾಕ್ಟರ್ ಶಂಕರೆಪ್ಪ ಎಂಟು ದಿನ ಇಟ್ಟುಕೊಂಡು, 'ರೋಗವಿಲ್ಲ' ಎಂದು ಚೀಟಿ ಬರೆದು ಮನೆಗೆ ಕಳಿಸಿಬಿಟ್ಟ. ನನಗೆ ತಲೆ ಕೆಟ್ಟಿತು. ಅವನು ನೂರೆಕರೆ ಹೊಲದ ಮನೆಯಿಂದ ಬಂದವನು, ನಮ್ಮಕ್ಕ ಕುರಿ ನಾರುವ ಕಂಬಳಿ ಹೊದ್ದವಳು. ಇದಕ್ಕಿಂತ ಹೆಚ್ಚಿನ ಪುರಾವೆ ನನಗೆ ಬೇಕಾಗಲಿಲ್ಲ. ಮುನ್ನೂರು ಮಂದಿ ಕೂಡಿಸಿ ದವಾಖಾನೆಯ ಮುಂದೆ ಧರಣಿ ಕೂತೆ. ‘ಕುರುಬರ ಕಾಶಿಬಾಯಿ ಕುರಿಯಲ್ಲ, ಚಿಕಿತ್ಸೆ ಅವಳ ಹಕ್ಕು’ ಎಂದು ಗಂಟಲು ಹರಿಯುವಂತೆ ಕೂಗಿದೆ. ಡಾಕ್ಟರು ಮೆಟ್ಟಿಲ ಮೇಲೆ ಬಂದು ನಿಂತು, “ನಿಮ್ಮಕ್ಕಗ ಬ್ಯಾನಿ ಐತಿ ಮಾಸ್ತರ, ಖರೇ. ಆದರ ನೀವು ಅನ್ನೋ ಬ್ಯಾನಿ ಅಲ್ಲ. ಒಳಗ ಬರ್ರಿ, ಕುಂತು ಹೇಳ್ತೇನಿ” ಎಂದ. “ಒಳಗ್ಯಾಕ? ಇಲ್ಲೇ ಹೇಳ್ರಿ, ಜನರ ಮುಂದ!” ಎಂದೆ. ಹಿಂದಿನಿಂದ ಯಾವುದೋ ಮುದುಕಿ, “ಹೋಗಬ್ಯಾಡೋ ತಮ್ಮಾ, ಒಳಗ ಕರದು ನಿನಗೂ ಸೂಜಿ ಚುಚ್ಚತಾನ!” ಎಂದು ಕೂಗಿದಳು. ಎಲ್ಲರೂ ನಕ್ಕರು. ಆ ಮನುಷ್ಯ ಬಾಯಿ ಮುಚ್ಚಿಕೊಂಡು ನಿಂತ. ಬಾಯಿ ಮುಚ್ಚಿದವನು ತಪ್ಪು ಮಾಡಿದವನು ಎಂದು ನಾವು ತೀರ್ಮಾನಿಸಿದೆವು. ಎಂಟು ದಿನದಲ್ಲಿ ಅವನನ್ನು ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಗೆ ಎತ್ತಿಹಾಕಿದರು. ನನಗೆ ಹಾರ ಹಾಕಿದರು. ಕಾಶಕ್ಕನನ್ನು ಬಿಜಾಪುರದ ದೊಡ್ಡ ದವಾಖಾನೆಗೆ ಕಳಿಸಿದರು. ಪಕ್ಕೆ ಕೊಯ್ದು ಮೂತ್ರಪಿಂಡ ನೋಡಬೇಕು ಎಂದು ಅಲ್ಲಿ ಗೊತ್ತುಮಾಡಿದರು. ಆಪರೇಶನ್ ನಾಡಿದ್ದು ಗುರುವಾರಕ್ಕೆ ಇತ್ತು.

ಹೋದ ಶನಿವಾರ ಸಾಲಿ ಬಿಡುವ ಹೊತ್ತಿಗೆ ದಾವಲಬಿ ಬಂದಳು. ಇಂಡಿ ದವಾಖಾನೆಯ ಆಯಾ. ಮಗಳನ್ನು ನೋಡಲು ಸಿಂದಗಿಗೆ ಬಂದವಳು ನನ್ನನ್ನು ಹುಡುಕಿಕೊಂಡು ಬಂದಿದ್ದಳು. ಧರಣಿಯ ದಿನ ಇದೇ ಹೆಂಗಸು ನಮಗೆ ಕುಡಿಯಲು ನೀರು ತಂದುಕೊಟ್ಟಿದ್ದಳು. “ಮಾಸ್ತರ, ಸಿಟ್ಟಾಗಬ್ಯಾಡ್ರಿ. ನಿಮ್ಮಕ್ಕ ಥರ್ಮಾಮೀಟ್ರ ಚಾದ ಬಟ್ಟಲಕ್ಕ ಒತ್ತಿ ಹಿಡೀತಾಳ್ರಿ. ಒಂದ್ ಸಲ ಪಾರಾ ನೂರಾ ಎಂಟಕ್ಕ ಏರಿತ್ತು. ಅಷ್ಟ ಜ್ವರ ಬಂದಾಕಿ ನನ್ನ ಸೆರಗ ಜಗ್ಗಿ, ‘ದಾವಲಬಿ, ಚಾಕ್ಕ ಸಕ್ರಿ ಕಡಿಮಿ ಹಾಕೀದಿ’ ಅಂತಾಳೇನ್ರಿ?” ಎಂದಳು. ನಾನು ನಗಲಿಲ್ಲ. ಅವಳೂ ನಗಲಿಲ್ಲ. ಉಚ್ಚೆಯ ಬಾಟಲಿಗೆ ಕಾಶಕ್ಕ ತನ್ನ ಬೆರಳು ಚುಚ್ಚಿ ರಕ್ತ ಹನಿಸುವುದನ್ನೂ ಅವಳು ಕಣ್ಣಾರೆ ನೋಡಿದ್ದಳು. ಡಾಕ್ಟರಿಗೆ ಹೇಳಿದವಳೂ ಅವಳೇ. “ಇದು ಹೊರಗ ಬಿದ್ರ ಆ ಹೆಣ್ಣಮಗಳ ಬಾಳೇವು ಕೆಡತೈತಿ, ಯಾರ ಮುಂದೂ ಅನಬ್ಯಾಡ” ಎಂದು ಡಾಕ್ಟರು ತಾಕೀತು ಮಾಡಿದ್ದನಂತೆ. ಅಣ್ಣಾ, ಮುನ್ನೂರು ಮಂದಿಯ ಬೈಗುಳ ತಿನ್ನುತ್ತ ಅವನು ಮೆಟ್ಟಿಲ ಮೇಲೆ ಬಾಯಿ ಮುಚ್ಚಿ ನಿಂತದ್ದು ನಮ್ಮಕ್ಕನ ಮಾನಕ್ಕಾಗಿ. ನಾನು ಧಿಕ್ಕಾರ ಕೂಗಿದ್ದು ಅಂಥವನಿಗೆ.

ಕಾಶಕ್ಕನನ್ನು ಸುಳ್ಳುಬುರುಕಿ ಎಂದು ಒದರಿದೆ. ಬಿಜಾಪುರಕ್ಕೆ ಹೋಗಿ ಎರಡು ಬಿಗಿಯಬೇಕು ಅನ್ನಿಸಿತು. ದಾವಲಬಿ ಎದ್ದು ಹೊರಟವಳು ತಿರುಗಿ ನಿಂತು, “ಬೆರಳಿಂದ ಬಂದ ರಕ್ತ ಸುಳ್ಳೇನ್ರಿ ಮಾಸ್ತರ?” ಎಂದು ಕೇಳಿ ಹೋದಳು.

ಭಾನುವಾರ ಮುದ್ದೇಬಿಹಾಳದ ಬಸ್ಸು ಹಿಡಿದು ಡಾಕ್ಟರನನ್ನು ಹುಡುಕಿದೆ. ಕೈ ಮುಗಿದೆ. ಅವನು ಕುರ್ಚಿ ತೋರಿಸಿ, “ಈಗರೆ ಒಳಗ ಬಂದ್ರಲ್ಲ” ಎಂದ, ಅಷ್ಟೇ. ರೋಗದ ಸೋಗು ಹಾಕುವುದೇ ಒಂದು ರೋಗವಂತೆ. ರೊಕ್ಕದ ಆಸೆಗಲ್ಲ, ಕೆಲಸ ತಪ್ಪಿಸಲಿಕ್ಕೂ ಅಲ್ಲ. “ಯಾರರೆ ಹಣಿ ಮುಟ್ಟಿ ನೋಡ್ಲಿ ಅಂತ ಮಾಡ್ತಾರ. ಅದಕ್ಕ ಮೈ ಕೊಯ್ಯಾಕೂ ಕೊಡ್ತಾರ. ಸುಳ್ಳಿ ಅಂತ ಬೈದು ಹೊರಗ ಹಾಕಿದ್ರ ಇನ್ನೊಂದು ದವಾಖಾನಿ ಹುಡುಕ್ತಾರ. ನಾ ಚೀಟಿ ಬರದು ಕಳಿಸಿದ್ದೂ ಅರ್ಧ ತಪ್ಪ. ಮನ್ಯಾಗಿನವರ್ನ ಕರಸಿ ಕುಂಡ್ರಿಸಿ ಮಾತಾಡಬೇಕಿತ್ತು” ಎಂದ. ಧಾರವಾಡದಲ್ಲಿ ಮನಸ್ಸಿನ ಡಾಕ್ಟರು ಇದ್ದಾರೆ ಎಂದು ಅವರಿಗೆ ಚೀಟಿ ಬರೆದುಕೊಟ್ಟ. ಏಳುವಾಗ, “ಬ್ಯಾನಿ ಇಲ್ಲದ ದಿನಾನೂ ಹೋಗಿ ನೋಡ್ರಿ ಮಾಸ್ತರ. ಆ ಔಷಧ ನನ್ನ ಕಪಾಟದಾಗ ಇಲ್ಲ” ಎಂದ.

ಬಸ್ಸು ಬಸವನ ಬಾಗೇವಾಡಿಯಲ್ಲಿ ನಿಂತಾಗ ನನಗೆ ಹಳೆಯದೊಂದು ನೆನಪಾಯಿತು. ನಿನಗೂ ನೆನಪಿರಬೇಕು. ಕುರಿ ಹಿಂಡು ಊರು ಬಿಟ್ಟು ಊರಿಗೆ ಹೋಗುವಾಗ ಅಪ್ಪ ನಡೆಯಲಾರದ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಏಳು ವರ್ಷದ ಕಾಶಕ್ಕ ತಲೆಯ ಮೇಲೆ ಗಡಿಗೆ ಹೊತ್ತು ಹಿಂದೆ ನಡೆಯುತ್ತಿದ್ದಳು. “ಅಪ್ಪಾ, ನನ್ನ ಕಾಲೂ ನೋಯಾಕತ್ತಾವ” ಎಂದರೆ, “ನಡಿಯೂ ಕುರಿನ ಯಾರೂ ಹೊರೂದಿಲ್ಲ, ನಡಿ” ಎನ್ನುತ್ತಿದ್ದ. ಅಪ್ಪ ಕೆಟ್ಟವನಲ್ಲ, ಅವನ ಕಸುಬಿನ ನ್ಯಾಯ ಅದು. ಅವಳಿಗೆ ಒಂಬತ್ತಾದಾಗ ಇಪ್ಪತ್ತೊಂದು ದಿನದ ಜ್ವರ ಖರೇ ಬಂತಲ್ಲ, ಆಗ ಮುಳವಾಡದಿಂದ ಬಾಗೇವಾಡಿತನಕ ಅಪ್ಪ ಅವಳನ್ನು ಹೆಗಲ ಮೇಲೆ ಹೊತ್ತು ತಂದ. ಅವ್ವ ತೊಡೆಯ ಮೇಲೆ ತಲೆ ಇಟ್ಟುಕೊಂಡು ಕೂತಳು. ನೀನು ಬಿಸ್ಕೀಟು ತಂದಿದ್ದೆ, ನಾನು ಒಂದು ಕದ್ದು ತಿಂದೆ. ಇಪ್ಪತ್ತೆರಡನೇ ದಿನ ಎದ್ದು ನಿಂತಳು. ಗಡಿಗೆ ಮತ್ತೆ ತಲೆಯ ಮೇಲೆ ಬಂತು. ಅವಳ ಬಾಳಿನಲ್ಲಿ ಯಾರಾದರೂ ಅವಳನ್ನು ಹೊತ್ತದ್ದು ಆ ಇಪ್ಪತ್ತೊಂದು ದಿನ ಮಾತ್ರ.

ನಿನ್ನೆ ಬಿಜಾಪುರಕ್ಕೆ ಹೋದೆ. ಕಾಟಿನ ಮೇಲೆ ಕಾಲು ಮಡಚಿ ಕೂತು, ಪಕ್ಕದ ಕಾಟಿನ ಮುದುಕಿಗೆ ಹೇನು ನೋಡುತ್ತಿದ್ದಳು. ಮುಖದಲ್ಲಿ ಅಂಥ ಕಳೆಯನ್ನು ನಾನು ಅಗರಖೇಡದಲ್ಲಿ ಒಮ್ಮೆಯೂ ಕಂಡಿಲ್ಲ. ಕೈ ಹಿಡಿದು ಬೆರಳ ತುದಿ ನೋಡಿದೆ. ಹತ್ತರಲ್ಲಿ ಏಳಕ್ಕೆ ಚುಚ್ಚಿದ ಗುರುತು. ಅವಳು ಕೈ ಕಸಿದುಕೊಳ್ಳಲಿಲ್ಲ. “ಚಂದು, ಇಲ್ಲಿ ದಿನಾ ಮುಂಜಾನೆ ಒಬ್ಬರು ಬಂದು ‘ಹ್ಯಾಂಗದಿ ಕಾಶಿಬಾಯಿ’ ಅಂತ ಕೇಳ್ತಾರ” ಎಂದಳು. ಅಗರಖೇಡದಲ್ಲಿ ಅವಳನ್ನು ಹೊಡೆಯುವವರಿಲ್ಲ, ಬಡಿಯುವವರಿಲ್ಲ, ಕೇಳುವವರೂ ಇಲ್ಲ. “ಗುರುವಾರ ಕೊಯ್ತಾರ, ಅಂಜಿಕಿ ಆಗೂದಿಲ್ಲೇನು?” ಎಂದೆ. “ಕೊಯ್ಯೂ ದಿನ ಅಣ್ಣ ಬರ್ತಾನಲ್ಲ. ತಾರ ಕೊಟ್ಟಿಯೇನು?” ಎಂದಳು.

ಟಪಾಲು ಕಚೇರಿಯಲ್ಲಿ ಕೊಡಬೇಕೆಂದು ಬರೆದ ತಾರು ನನ್ನ ಅಂಗಿಯ ಕಿಸೆಯಲ್ಲೇ ಇತ್ತು: ‘ಕಾಶಿ ಸೀರಿಯಸ್, ಕೂಡಲೇ ಹೊರಡು.’ ನಿನ್ನ ಮಿಲ್ಲಿನವರು ಸೀರಿಯಸ್ ಎಂಬ ತಾರು ತೋರಿಸದೆ ರಜೆ ಕೊಡುವುದಿಲ್ಲ. ಎರಡು ವರ್ಷದ ಹಿಂದೆ ಖಾಸಗಿ ದವಾಖಾನೆಯೊಂದರಲ್ಲಿ ಅವಳ ಹೊಟ್ಟೆ ಕೊಯ್ದರು, ಒಳಗೆ ಏನೂ ಸಿಗಲಿಲ್ಲ. ಆಗ ನೀನು ತಾರಿಗೆ ಬಂದು ನಾಲ್ಕು ದಿನ ಚಮಚದಲ್ಲಿ ಗಂಜಿ ಕುಡಿಸಿದೆ. ಆ ಗಂಜಿಯ ಕಥೆಯನ್ನು ಇಡೀ ವಾರ್ಡಿಗೆ ಹೇಳಿದ್ದಾಳೆ. ಅದಕ್ಕೂ ಹಿಂದಿನ ವರ್ಷ ನಿನ್ನ ಮಗನ ಜವಳಕ್ಕೆ ನಿನಗೆ ರಜೆ ಸಿಗಲಿಲ್ಲ ಎಂದು ನಾನೇ ಹೋಗಿ ‘ಅವ್ವ ಸೀರಿಯಸ್’ ಎಂದು ತಾರು ಕೊಟ್ಟೆನಲ್ಲ! ಅವ್ವ ಒಲೆಯ ಮುಂದೆ ಹೂರಣ ರುಬ್ಬುತ್ತ ಕೂತಿದ್ದಳು. ಕಾಶಕ್ಕ, “ಅವ್ವಾ, ನೀ ಸೀರಿಯಸ್ ಆಗೀದಿ, ಹೋಳಿಗಿ ಬಿಟ್ಟು ಮಲಕೋ” ಎಂದು ನಕ್ಕಳು. ನಾವೂ ಹೊಟ್ಟೆ ಹಿಡಿದು ನಕ್ಕೆವು. ನಾವು ಕಾಗದದ ಮೇಲೆ ಮಾಡಿದ್ದನ್ನು ಅವಳು ಮೈಮೇಲೆ ಮಾಡಿಕೊಂಡಳು. ನಮ್ಮದಕ್ಕೆ ಜಾಣತನ ಎಂದೆವು. ಅವಳದಕ್ಕೆ ಏನೆನ್ನಬೇಕು, ನೀನೇ ಹೇಳು.

ಅವಳ ಕಣ್ಣೆದುರೇ ತಾರು ಹರಿದೆ. ದೊಡ್ಡ ಡಾಕ್ಟರಿಗೆ ಎಲ್ಲ ಹೇಳಿದೆ, ಬೈಸಿಕೊಂಡೆ. ಆಪರೇಶನ್ ನಿಂತಿತು. ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದ ಸಿದ್ರಾಮ ಮಾವನಿಗೂ ಹೇಳಿದೆ. ಅವಳನ್ನು ಒದ್ದು ಓಡಿಸುತ್ತಾನೆ ಎಂದು ಎದೆ ಗಟ್ಟಿ ಮಾಡಿಕೊಂಡೇ ಹೇಳಿದೆ. ಆ ಮನುಷ್ಯ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿ, “ಹಂಗಾರ ಆಕಿ ಸಾಯೂದಿಲ್ಲಲ್ಲ?” ಎಂದ. ಮೂರು ಸಲ ಅದನ್ನೇ ಕೇಳಿದ. ಒಂಬತ್ತು ವರ್ಷ ಬಾಯಿಬಿಟ್ಟು ಒಂದು ಮಾತು ಕೇಳದವನು.

ಶುಕ್ರವಾರ ಸಂಘಟನೆಯ ಬೈಠಕ್ ಇದೆ. ಡಾಕ್ಟರನ ವಿಷಯದಲ್ಲಿ ನಾವು ತಪ್ಪಿದೆವು, ಅವನ ವರ್ಗಾವಣೆ ರದ್ದಾಗಬೇಕು ಎಂದು ಬರೆದುಕೊಡುತ್ತೇನೆ; ಅಕ್ಕನ ಗುಟ್ಟು ಹೇಳುವುದಿಲ್ಲ. ಗೆಳೆಯ ಮೈಬೂಬ, “ಬ್ಯಾಡೋ, ನಾಳೆ ನಮ್ಮ ಘೋಷಣೆಗೆ ನಾಯಿ ಸೈತ ನಿಂದ್ರೂದಿಲ್ಲ” ಎನ್ನುತ್ತಾನೆ. ನಿಲ್ಲದಿದ್ದರೆ ಬೇಡ. ತಹಸೀಲ್ದಾರನ ತಪ್ಪಿಗೆ ಬೀದಿಯಲ್ಲಿ ಕೂಗಿದವನು ತನ್ನ ತಪ್ಪನ್ನು ನುಂಗಿಕೊಂಡರೆ ಅವನಿಗೂ ನನಗೂ ಏನು ಫರಕು? ಇಂಡಿಯಲ್ಲಿ ಹೆಂಗಸರಿಗೆ ಹೆಣ್ಣು ಡಾಕ್ಟರು ಬೇಕು ಎಂಬ ಬೇಡಿಕೆಯನ್ನೇನೂ ನಾನು ಬಿಟ್ಟಿಲ್ಲ. ಅದು ಖರೇ ಬೇಡಿಕೆ.

ವೈನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಕೆಮ್ಮಿಗೆ ಅಳಲೆಕಾಯಿ ಬಾಯಲ್ಲಿಟ್ಟುಕೋ ಎಂದು ಅವ್ವ ಹೇಳಿದ್ದಾಳೆ.

ನಿನ್ನ ತಮ್ಮ
ಚಂದಪ್ಪ ಕಾಳಪ್ಪ, ಕನ್ನೊಳ್ಳಿ

ತಾ.ಕ.: ಟಪಾಲು ಎತ್ತುವ ಹೊತ್ತಾಯಿತು. ಬರೆಯಬೇಕಾದದ್ದೇ ಉಳಿದಿದೆ. ತಾರು ಹರಿದಾಗ ನಾನು, “ಅಣ್ಣಗ ಕಾಗದ ಬರೀತೇನಿ, ನೀ ಆರಾಮ ಇದ್ದೀ, ಬಾ ಅಂತ” ಎಂದೆ. ಕಾಶಕ್ಕ ಗ್ವಾಡಿಯ ಕಡೆ ಹೊರಳಿ, “ಆರಾಮ ಇದ್ದಾಕಿನ್ನ ನೋಡಾಕ ಅಂವ ಯಾಕ ಬರ್ತಾನ?” ಎಂದಳು. ಅವಳನ್ನು ಧಾರವಾಡಕ್ಕೆ ಕರೆದುಕೊಂಡು ಹೋಗುವ ಮೊದಲು ಮನೆಯವರೆಲ್ಲ ಕನ್ನೊಳ್ಳಿಯಲ್ಲಿ ಕೂಡುತ್ತೇವೆ. ಅಪ್ಪನಿಗೆ ಹೇಳಿಕಳಿಸಿದ್ದೇನೆ, ಕುರಿಯನ್ನು ಬೇರೆಯವರಿಗೆ ಒಪ್ಪಿಸಿ ಬರುತ್ತಾನೆ. ಸಿದ್ರಾಮ ಮಾವನೂ ಬರುತ್ತಾನೆ. ನಾನು ತಾರು ಕಳಿಸುವುದಿಲ್ಲ. ಮಿಲ್ಲಿನವರು ಕೇಳಿದರೆ ತಂಗಿ ಆರಾಮ ಇದ್ದಾಳೆ, ಅದಕ್ಕೇ ಹೋಗುತ್ತೇನೆ ಎನ್ನು. ಪಗಾರ ಕಡಿದರೆ ಕಡಿಯಲಿ. ಸೆಪ್ಟೆಂಬರ್ ಇಪ್ಪತ್ನಾಲ್ಕು, ಭಾನುವಾರ, ಮುಂಜಾನೆ ಹತ್ತು ಗಂಟೆಗೆ, ನಮ್ಮ ಮನೆಯ ಕಟ್ಟೆಯ ಮೇಲೆ.