ಇಬ್ಬರಿದ್ದವರ ಲೇನು

ಸೋಲ್ನಾ, ಸ್ವೀಡನ್, ನವೆಂಬರ್ ೨೦೦೭

ಪ್ರೀತಿಯ ಚಿನ್ಮಯಿ,

ಬರುವ ಶನಿವಾರಕ್ಕೆ ನಿನ್ನಕ್ಕ ವೈದೇಹಿ ತೀರಿಕೊಂಡು ವರ್ಷ ತುಂಬುತ್ತದೆ. ವರ್ಷಾಬ್ದಿಕಕ್ಕೆ ಹೆಚ್ಚು ಜನರನ್ನು ಕರೆದಿಲ್ಲ. ಲಿಂಕೋಪಿಂಗ್‌ನಲ್ಲಿ ಕರಿ ಎಳ್ಳು ಸಿಕ್ಕರೆ ತಾ, ಇಲ್ಲಿ ಬರೀ ಬಿಳಿಯದು.

ಇನ್ನೊಂದು ಮಾತು, ನಗಬೇಡ. ನಾನು ಆಫೀಸಿಗೆ ಹೋಗುವ ಹೆದ್ದಾರಿಯಲ್ಲಿ ಪ್ರಯೋಗಕ್ಕೆಂದು ಹೊಸ ಲೇನು ಬಿಟ್ಟಿದ್ದಾರೆ. ಕಾರಿನಲ್ಲಿ ಕನಿಷ್ಠ ಇಬ್ಬರಿದ್ದರೆ ಮಾತ್ರ ಅದರಲ್ಲಿ ಹೋಗಬಹುದು. ಒಬ್ಬರೇ ನುಗ್ಗುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಕಳೆದ ವಾರ ಸೋಮವಾರ ಮೀಟಿಂಗಿಗೆ ತಡವಾಯಿತೆಂದು ನಾನೇ ನುಗ್ಗಿದೆ. ಪೊಲೀಸಿನವನು ತಡೆದ. ದಂಡ ಕಟ್ಟಲು ಸಿದ್ಧನಾಗಿಯೇ ಗಾಜು ಇಳಿಸಿದೆ. ಅವನು ಬಗ್ಗಿ ಪಕ್ಕದ ಸೀಟು ನೋಡಿದ. "ನಿಮ್ಮ ಹೆಂಡ್ತಿಗೆ ಕಾಲು ಕೆಳಗೆ ಬಿಟ್ಟು ಕೂರೋಕೆ ಹೇಳಿ, ಆಕ್ಸಿಡೆಂಟ್ ಆದ್ರೆ ಅಪಾಯ" ಎಂದು ಹೇಳಿ ಕಳಿಸಿಬಿಟ್ಟ.

ವೈದೇಹಿ ಕಾರಿನಲ್ಲೂ ಚಕ್ಕಳಮಕ್ಕಳ ಹಾಕಿಯೇ ಕೂರುತ್ತಿದ್ದಳೆಂದು ನಿನಗೆ ಗೊತ್ತು, ನನಗೆ ಗೊತ್ತು. ಅವನಿಗೆ ಯಾರು ಹೇಳಿದರು?

ಪರೀಕ್ಷೆ ಮಾಡಿಯೇ ಬಿಡೋಣವೆಂದು ಮರುದಿನ ಆ ಸೀಟಿನ ಮೇಲೆ ಲ್ಯಾಪ್‌ಟಾಪ್ ಬ್ಯಾಗಿಟ್ಟು ಅದೇ ಲೇನಿನಲ್ಲಿ ಹೋದೆ. ಅದೇ ಪೊಲೀಸಿನವನು ತಡೆದು, "ಒಬ್ಬರೇ ಇದ್ದೀರಲ್ಲ?" ಎಂದು ದಂಡ ಹಾಕಿದ. ಈಗ ಬ್ಯಾಗನ್ನು ಡಿಕ್ಕಿಯಲ್ಲಿ ಇಡುತ್ತೇನೆ. ದಿನವೂ ಕೈ ಬೀಸಿ ಮುಂದೆ ಬಿಡುತ್ತಾನೆ.

ಶನಿವಾರ ನಿನ್ನನ್ನು ಕರೆತರಲು ಸ್ಟೇಷನ್ನಿಗೆ ಕಾರು ತರುತ್ತೇನೆ. ಬೇಜಾರು ಮಾಡಿಕೊಳ್ಳಬೇಡ ಪುಟ್ಟಿ, ನೀನು ಹಿಂದಿನ ಸೀಟಿನಲ್ಲಿ ಕೂತುಕೋ.

ನಿನ್ನ ಭಾವ,
ಸುದರ್ಶನ್