ಈಜುಕೊಳದ ಬಾಗಿಲಲ್ಲಿ ಉಳಿದ ಚಪ್ಪಲಿ

ಅಕ್ಕಾ,
ತಲೆಯಿಂದ ಇನ್ನೂ ನೀರು ತೊಟ್ಟಿಕ್ತಿದೆ, ಅಕ್ಷರ ಹೇಗೋ ಓದಿಕೊ. ಇಲ್ಲಿನ ಪಾರ್ಕಿನ ಈಜುಕೊಳಕ್ಕೆ ನಾನೇ ಕಾವಲು. ಚಪ್ಪಲಿ ಎಲ್ಲರೂ ಬಾಗಿಲಲ್ಲೇ ಬಿಡಬೇಕು. ಸಂಜೆ ಮುಚ್ಚುವಾಗ ಒಂದು ಜೊತೆ ಉಳಿದರೂ ಯಾರೋ ನೀರಲ್ಲಿದ್ದಾರೆ ಅಂತಲೇ ಲೆಕ್ಕ. ಇವತ್ತು ಉಳಿದಿತ್ತು, ಹೊಚ್ಚ ಹೊಸದು. ಬಟ್ಟೆ ಸಮೇತ ಮೂರು ಸಲ ಮುಳುಗಿ ತಳವೆಲ್ಲ ತಡಕಾಡಿದೆ. ಉಯ್ಯಾಲೆ, ಜಾರುಬಂಡೆ ಹತ್ತಿರವೆಲ್ಲ ಓಡಾಡಿ ಕೂಗಿದೆ. ಕೊನೆಗೆ ಪಾರ್ಕಿನ ಮಾಲಿ ನನ್ನ ಬರಿಗಾಲು ನೋಡಿ, "ನಿನ್ನ ಚಪ್ಪಲಿ ಎಲ್ಲಮ್ಮಾ?" ಅಂದರು. ಬಾಗಿಲಲ್ಲಿದ್ದದ್ದು ನೀನು ಕಳಿಸಿದ ಜೊತೆಯೇ ಅಕ್ಕಾ, ಇವತ್ತೇ ಮೊದಲು ಹಾಕಿದ್ದೆ! ಅಳತೆ ಸರಿಯಾಗಿದೆ. ಕಿವಿಗೆ ನೀರು ಹೋಗಿ ಗುಂಯ್ ಅಂತಿದೆ, ಜ್ವರವಿಲ್ಲ, ಅಮ್ಮನಿಗೆ ಹೇಳಬೇಡ. ಇಷ್ಟಾದರೂ ಮನಸ್ಸು ಕೇಳಲಿಲ್ಲ. ಮಾಲಿ ಅತ್ತ ಹೋದ ಮೇಲೆ ಇನ್ನೊಂದು ಸಲ ಮುಳುಗಿ ನೋಡಿದೆ.
ನಿನ್ನ ತಂಗಿ